ಹಾಲನ್ನದ ಮೊದಲ ತುತ್ತು

ದಂಬುಲ್ಲದ ಕ್ರಿಕೆಟ್ ಮೈದಾನದ ಅಡುಗೆಮನೆಗೆ ಬರುವ ಮೊದಲು ಟಿಕಿರಿ ಮೆಣಿಕೆ ತರಕಾರಿ ಮಂಡಿಯ ತಗಡಿನ ಹೋಟೆಲಿನಲ್ಲಿ ಸೌಟು ಹಿಡಿದವಳು. ಮೂಟೆ ಹೊರುವವರ ಹಸಿವು ಕಂಡವಳಿಗೆ ಆಟಗಾರರ ಹಸಿವು ಹೊಸತೇನಲ್ಲ. ಮಗಳು ಕುವೈತಿಗೆ ಮನೆಗೆಲಸಕ್ಕೆ ಹೋದಾಗ ಬಿಟ್ಟುಹೋದ ಕೂಸು ಮಿಲಿಂದನನ್ನು ಅವಳು ಒಲೆಯ ಬಿಸಿಯಲ್ಲೇ ಸಾಕಿದಳು. ಆ ಕೂಸೇ ಈಗ ಹತ್ತೊಂಬತ್ತು ವರ್ಷದೊಳಗಿನವರ ಏಷ್ಯಾ ಕಪ್ಪಿನಲ್ಲಿ ತನ್ನ ದೇಶದ ಸಿಂಹದ ಗುರುತಿನ ಅಂಗಿ ತೊಟ್ಟು ನೇಪಾಳದ ಎದುರು ಸೆಮಿಫೈನಲ್‌ಗೆ ಇಳಿಯಲಿತ್ತು. ಸೋತವರು ಮನೆಗೆ.

ಅಂದು ಬೆಳಿಗ್ಗೆ ಮೆಣಿಕೆ ಮೊಮ್ಮಗನಿಗೆಂದು ತೆಂಗಿನ ಹಾಲಿನಲ್ಲಿ ಕಿರಿಬತ್ ಎಂಬ ಹಾಲನ್ನ ಬೇಯಿಸಿ, ಬಾಳೆಲೆಯ ಮೇಲೆ ತಟ್ಟಿ, ಶಂಕರಪೋಳಿಯಂತೆ ಓರೆಯಾಗಿ ಕೊಯ್ದಿದ್ದಳು. ಶುಭಗಳಿಗೆಯಲ್ಲಿ ಮೂಡಲಿಗೆ ಮುಖ ಮಾಡಿ ಹಿರಿಯರ ಕೈಯಿಂದ ಮೊದಲ ತುತ್ತು ತಿಂದವನಿಗೆ ಹಿಡಿದದ್ದು ಕೈಗೂಡುತ್ತದೆ. ಗಳಿಗೆ ಮೀರಿದರೆ ಅದು ಬರೀ ಅನ್ನ.

ಮಿಲಿಂದನ ಫೋನು ಬಂತು. "ಅಜ್ಜೀ, ಹಬರಣ ರಸ್ತೇಲಿ ಆನೆ ಅಡ್ಡ ನಿಂತಿದೆ. ನಮ್ಮ ಟೀಮಿನ ಬಸ್ಸು ಅಲ್ಲಾಡ್ತಿಲ್ಲ."

"ಬಾಳೆಗೊನೆ ಎಸೀರೋ!"

"ಅದನ್ನ ತಿಂದಾಯ್ತು. ಇನ್ನೊಂದು ಬೇಕಂತ ನಿಂತಿದೆ."

ಪಿಚ್ಚು ನೋಡಿಕೊಳ್ಳುವ ಮುದುಕ ಅಪ್ಪುಹಾಮಿ ಬಾಗಿಲಿಗೊರಗಿ ಗಡಿಯಾರ ನೋಡಿದ. "ಮೆಣಿಕಕ್ಕ, ಗಳಿಗೆ ಜಾರ್ತಿದೆ. ಯಾರ ಬಾಯಿಗಾದ್ರೂ ಇಡು."

"ಯಾರ ಬಾಯಿಗೆ? ನಿನ್ನ ಬಾಯಿಗಾ? ನೀನು ಹೋಗಿ ಬೌಲಿಂಗ್ ಮಾಡ್ತೀಯಾ?"

ಅಷ್ಟರಲ್ಲಿ ಪರಿಮಳದ ಬೆನ್ನು ಹತ್ತಿ ನೇಪಾಳದ ಹುಡುಗರು ಜಗಲಿಗೆ ಬಂದರು. ಮುಂದೆ ನಿಂತವನು ನಾಯಕ ಖಗೇಂದ್ರ. ಮೂಡಲ ಬಿಸಿಲು ನೇರ ಅವನ ಮುಖದ ಮೇಲೆ. ಅವನು ಬಾಳೆಲೆ ನೋಡಿದ, ಅವಳನ್ನು ನೋಡಿದ, "ಆಮಾ" ಅಂದ. ಅಮ್ಮ ಎಂಬ ಆ ಒಂದು ಮಾತಿಗೆ ಭಾಷೆ ಬೇಕಾಗಲಿಲ್ಲ.

ಮೆಣಿಕೆಯ ಕೈ ತಡೆಯಿತು. ಇವನಿಗಿಟ್ಟರೆ ಮೊಮ್ಮಗನ ಗೆಲುವನ್ನು ಕೈಯಾರೆ ಎತ್ತಿಕೊಟ್ಟಂತೆ. ಇಡದಿದ್ದರೆ ಹಸಿದವನೆದುರು ಅನ್ನ ಮುಚ್ಚಿದ ಪಾಪ. ಗಳಿಗೆ ಕಾಯಲಿಲ್ಲ. ಅವಳು ಖಾರದ ಚಟ್ನಿ ಸವರಿ, ಮೊದಲ ತುತ್ತನ್ನು ಅವನ ಬಾಯಿಗಿಟ್ಟಳು.

"ಮುಗೀತು," ಎಂದು ಅಪ್ಪುಹಾಮಿ ತಲೆ ಚಚ್ಚಿಕೊಂಡ.

ಬಸ್ಸು ತಡವಾಗಿ ಬಂತು, ಆಟ ತಡವಾಗಿ ಶುರುವಾಯಿತು. ಮಿಲಿಂದ ಬೆಂಕಿಯಂತೆ ಬೌಲಿಂಗ್ ಮಾಡಿ ನಾಲ್ಕು ವಿಕೆಟ್ ಕಿತ್ತ. ಆದರೆ ಕೊನೆಯ ಓವರಿನಲ್ಲಿ ಅವನ ಕಾಲು ಗೆರೆ ದಾಟಿತು. ನೋಬಾಲಿನ ಮೇಲೆ ಸಿಕ್ಕ ಪುಕ್ಕಟೆ ಚೆಂಡನ್ನು ಖಗೇಂದ್ರ ಸಿಕ್ಸರಿಗೆ ಎತ್ತಿದ. ನೇಪಾಳ ಗೆದ್ದಿತು.

ಮಿಲಿಂದ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಅಡುಗೆಮನೆಗೆ ಬಂದ.

"ಬಂದ ನೋಡು, ಅಜ್ಜಿ ಸೋಲಿಸಿದ ಮೊಮ್ಮಗ. ನಿನ್ನ ತುತ್ತು ಆ ಖಗೇಂದ್ರನ ಪಾಲಾಯ್ತು ಕಣೋ," ಎಂದ ಅಪ್ಪುಹಾಮಿ.

"ನನ್ನ ತುತ್ತು ಅವನಿಗ್ಯಾಕೆ ಕೊಟ್ಟೆ ಅಜ್ಜಿ?"

"ಹಸಿದು ಬಂದಿದ್ದ, ಕೊಟ್ಟೆ. ನಿನ್ನ ನೋಬಾಲನ್ನೂ ನಾನೇ ಬೇಯಿಸಿ ಕಳಿಸಿದ್ನಾ?"

ಅಪ್ಪುಹಾಮಿ ಹೊಟ್ಟೆ ಹಿಡಿದು ನಕ್ಕ. ಮಿಲಿಂದನ ತುಟಿಯೂ ತಡೆಯಲಾರದೆ ಸಡಿಲವಾಯಿತು.

ಆಗಲೇ ಖಗೇಂದ್ರ ತನ್ನವರೊಡನೆ ಒಳಗೆ ಬಂದು, ಮೆಣಿಕೆಯ ಪಾದಕ್ಕೆ ಹಣೆ ಮುಟ್ಟಿಸಿದ. ಮೊಮ್ಮಗನಿಗೆಂದು ಅವಳು ಎತ್ತಿಟ್ಟಿದ್ದ ಪಾತ್ರೆಯ ತಳದ ಸೀಕಲು ತುಂಡನ್ನು ಮಿಲಿಂದ ಮುರಿದು ಅರ್ಧವನ್ನು ಖಗೇಂದ್ರನ ಬಾಯಿಗೆ ತುರುಕಿದ. "ತಗೋ, ಇದೂ ನಿಂದೇ."

ಮೆಣಿಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಮೊಮ್ಮಗ ಚೆನ್ನಾಗಿ ಆಡಿದ್ದ, ಉಂಡವನು ಗೆದ್ದಿದ್ದ. ಅವಳ ಎದೆಯಲ್ಲಿ ಎರಡಕ್ಕೂ ಜಾಗವಿತ್ತು.

"ಅಪ್ಪುಹಾಮಿ, ನಾಳೆ ಇವರ ಫೈನಲ್ಲು. ಹಾಲನ್ನಕ್ಕೆ ತೆಂಗಿನಕಾಯಿ ತಂದಿಡು, ಎಳೆಯದಲ್ಲ, ಬಲಿತದ್ದು."

"ನಮ್ಮನ್ನ ಸೋಲಿಸಿದೋರಿಗಾ?"

"ನಾನು ಉಣಿಸಿದ ಹುಡುಗರಿಗೆ."

ಅಪ್ಪುಹಾಮಿ ಗೊಣಗುತ್ತಾ ಚೀಲ ಹುಡುಕಿದ. ಅವನಿಗಿಂತ ಮೊದಲು ಮಿಲಿಂದ ಮೂಲೆಯಲ್ಲಿದ್ದ ಕಾಯಿಯೊಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಸುಲಿಯಲು ಕೂತ.