ಜಯಕ್ಕನ ಕಂಬಳಿ ಕಡಲು ದಾಟಿದ್ದು

ದೇವಸಮುದ್ರದ ಹತ್ತಿರದ ನಮ್ಮೂರಲ್ಲಿ ಉಳಿದಿರುವ ಕಂಬಳಿ ಮಗ್ಗ ಒಂದೇ, ಜಯಕ್ಕನದು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನಲವತ್ತು ವರ್ಷ ನೇಯ್ದವಳು. ತನ್ನ ನಂತರ ಮಗಳು ಪುಷ್ಪಲತಾ ಆ ಗುಂಡಿಗೆ ಇಳಿಯಬೇಕು ಅನ್ನುವುದೊಂದೇ ಅವಳ ಹಟ. ಮಗಳಿಗೆ ಕೆಲಸವೇನೋ ಬರುತ್ತದೆ, ಮನಸ್ಸಿಲ್ಲ.

"ಸಂತೇಲಿ ಚೀನಾ ರಗ್ಗು ರಾಶಿ ಬಿದ್ದೈತೆ. ನಿನ್ ಕಂಬ್ಳಿ ಯಾರವ್ವ ಹೊದೀತಾರೆ? ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಿ" ಅನ್ನುತ್ತಿದ್ದಳು.

ಅಷ್ಟರಲ್ಲಿ ಚಳ್ಳಕೆರೆಯಲ್ಲೊಂದು ಸಭೆ ನಡೆಯಿತು. ಇಡೀ ಜಗತ್ತೇ ನಿಮ್ಮ ಸಂತೆ ಎಂದು ಕೋಟು ಹಾಕಿದ ಮಹನೀಯರು ಅಪ್ಪಣೆ ಕೊಡಿಸಿ, ನಮಗೆಲ್ಲ ಸಮೋಸ ತಿನ್ನಿಸಿ ಕಳಿಸಿದರು. ಅಲ್ಲಿ ಸಿಕ್ಕ ವ್ಯಾಪಾರಿ ವಿಶ್ವನಾಥ್ ಚಳಿದೇಶದ ಒಂದು ಹೋಟೆಲಿನಿಂದ ನಲವತ್ತು ಕಂಬಳಿಗೆ ಆರ್ಡರ್ ತಂದ. "ಇದು ದಾಟಿದ್ರೆ ಮಗ್ಗಕ್ಕೆ ಕೂರ್ತೀನಿ" ಎಂದು ಪುಷ್ಪಲತಾ ಮಾತು ಕೊಟ್ಟಳು.

ಜೆರಾಕ್ಸ್ ಅಂಗಡಿಯ ಮುರುಗೇಶ, ಅಂದರೆ ನಾನು, ಕಂಬಳಿ ನೇಯ್ದಾದ ಮೇಲೆ ಹೊರದೇಶಕ್ಕೆ ಕಳಿಸುವ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿದೆ. ಅರ್ಜಿಯೋ ಅದು! ಕುರಿಯ ಜಾತಕ ಒಂದು ಬಿಟ್ಟು ಎಲ್ಲ ಕೇಳಿದ್ದರು.

"ಬಣ್ಣ ಯಾವ ಕಂಪನಿದು ಜಯಕ್ಕ?"

"ಕುರಿದೇ ಬಣ್ಣ ಕಣೋ! ಕಂಪನಿ ಅಂತೆ, ನಿನ್ ತಲೆ!"

ಜೊತೆಗೆ ಕಾಳು, ಬೀಜ ಏನಾದರೂ ಹೋಗುತ್ತಿದೆಯೇ ಎಂದು ಕೊನೆಗೊಂದು ಪ್ರಶ್ನೆ. ಕೇಳುವುದೇನಿದೆ ಎಂದು 'ಇಲ್ಲ' ಒತ್ತಿಬಿಟ್ಟೆ.

ಕಂಬಳಿ ಹಡಗು ಹತ್ತಿದ ಎರಡು ತಿಂಗಳಿಗೆ ಆ ದೇಶದ ಬಂದರಿನಿಂದ ಕಾಗದ ಬಂತು. ನಲವತ್ತೂ ಕಂಬಳಿಯ ಮೂಲೆಯಲ್ಲಿ ಕಾಳು ಪತ್ತೆಯಾಗಿದೆ, ಅರ್ಜಿಯಲ್ಲಿ ಮುಚ್ಚಿಟ್ಟಿದ್ದೀರಿ, ಬಂದರಿನಲ್ಲೇ ಸುಡುತ್ತೇವೆ, ಒಪ್ಪಿಗೆ ಸಹಿ ಮಾಡಿ ಎಂದಿತ್ತು. ಕಂಬಳಿ ಮನೆ ಬಿಡುವಾಗ ಮೂಲೆಗೆ ಒಂದು ಹಿಡಿ ನವಣೆ ಕಟ್ಟುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಅದನ್ನು ಕಾಳು ಅಂತ ಯಾರಾದರೂ ಲೆಕ್ಕ ಹಿಡಿಯುತ್ತಾರೆಂದು ಹೊಳೆದೇ ಇರಲಿಲ್ಲ.

"ಬರೀ ಕಂಬ್ಳಿ ಕಳ್ಸೋಕಾಗ್ತದೇನೋ? ಹೊದ್ದೋರ ಮನೆ ತುಂಬಿರ್ಲಿ ಅಂತ ಕಟ್ಟಿದ್ದು" ಎಂದಳು ಜಯಕ್ಕ. "ಬೇಡಾದ್ರೆ ಕಾಳು ಉದುರ್ಸಿ ಕಂಬ್ಳಿ ಹೊದ್ಕಳ್ಳಿ."

"ಹಂಗೆ ಕಾನೂನಿಲ್ಲವಂತೆ. ತಪ್ಪು ನಂದೇ ಜಯಕ್ಕ, 'ಇಲ್ಲ' ಅಂತ ಒತ್ತಿದ್ದು ನಾನು."

ಬಾಯಿಗೆ ಬಂದಂತೆ ಬೈದಳು. ಬೈಸಿಕೊಂಡೆ. ಆಮೇಲೆ ಕಾಗದ ಎಳೆದುಕೊಂಡು ಅವಳು ಸಹಿ ಹಾಕಿದ್ದು ನೋಡಿ, ಇನ್ನಷ್ಟು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಚೀನಾ ರಗ್ಗು ನಮ್ಮ ಸಂತೆಗೆ ಬರುವಾಗ ಅದರ ಮೂಲೆ ಬಿಚ್ಚಿ ನೋಡಿದ ಪುಣ್ಯಾತ್ಮ ಯಾರೂ ಇದ್ದಂತಿಲ್ಲ.

ಸೋಮವಾರದಿಂದ ಪುಷ್ಪಲತಾ ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ತಿಂಗಳಾದ ಮೇಲೆ ಒಂದು ಸಂಜೆ, ನಾನು ಜಯಕ್ಕನ ಮನೆಯಲ್ಲೇ ಕೂತಿದ್ದಾಗ, ಖುಷಿಯಿಂದ ಬಂದು ಹೇಳಿದಳು: "ಅವ್ವಾ, ನಾನು ಕಾಲರ್ ಹೊಲಿಯೋ ಅಂಗಿ ನಿನ್ ಕಂಬ್ಳಿ ಹೋದ ದೇಶಕ್ಕೇ ಹೋಗ್ತಾವಂತೆ!"

"ಯಾರು ಹೊಲ್ದಿದ್ದು ಅಂತ ಅವ್ರಿಗೆ ಗೊತ್ತಾಗ್ತದೇನೇ?"

"ಅದೆಲ್ಲ ಯಾರು ಕೇಳ್ತಾರವ್ವ? ನಮ್ದು ಬರೀ ನಂಬರು."

ಮರುದಿನ ಜಯಕ್ಕ ಮಗ್ಗ ಬಿಚ್ಚಿಸಿ, ಆ ಗುಂಡಿಗೆ ಮಣ್ಣು ತುಂಬಿಸಿದಳು. ಎರಡು ಬುಟ್ಟಿ ನಾನೂ ಹೊತ್ತು ಹಾಕಿದೆ.