ಅಮರಯ್ಯನವರು ಬುದ್ಧನನ್ನು ತಿದ್ದಿದ್ದು

ನಮ್ಮ ಮನೆ ಮಾಲೀಕರಾದ ಅಮರಯ್ಯನವರಿಗೆ ಜಗತ್ತಿನ ಕಲೆಯೆಲ್ಲ ಗೊತ್ತಿತ್ತು, ಸೆಂಟಿಮೀಟರ್ ಲೆಕ್ಕದಲ್ಲಿ. ಆಫ್ರಿಕಾದ ಮುಖವಾಡ ಯಾವ ಜನರದ್ದು ಎಂದರೆ ತಲೆ ಕೆರೆದುಕೊಳ್ಳುತ್ತಿದ್ದರು. ಎತ್ತರ ಕೇಳಿದರೆ ಥಟ್ಟನೆ ಮೂವತ್ತನಾಲ್ಕೂವರೆ ಎನ್ನುತ್ತಿದ್ದರು.

ಸಿಂಧನೂರಿನ ಕಡೆಯವರು. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಡ್ರಾಫ್ಟ್ಸ್‌ಮನ್ ಆಗಿ ನಟ್ಟು ಬೋಲ್ಟುಗಳ ನಕ್ಷೆ ಬರೆದರು. ಕಂಪ್ಯೂಟರ್ ಬಂದ ವರ್ಷ ಸ್ವಯಂನಿವೃತ್ತಿ ತೆಗೆದುಕೊಂಡು ಕೂಕಟ್‌ಪಲ್ಲಿಯ ಮನೆಯಲ್ಲಿ ಕೂತರು. ಅವರ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ನಾನು ಮೈಸೂರಿನವನು, ಬೇಗಂಪೇಟೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅದೇ ಕಂಪ್ಯೂಟರಿನ ಮುಂದೆ ಕೂರುವವನು. ಆ ಅಪರಾಧಕ್ಕೆ ಪ್ರತಿ ಭಾನುವಾರ ನನಗೆ ಶಿಕ್ಷೆಯಾಗುತ್ತಿತ್ತು. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡುವ ದಿನ ಅದು. ಅಲ್ಲಿ ಅವರು ಆರಿಸಿದ ಇಟ್ಟಿಗೆಯಂಥ ಕಲಾಪುಸ್ತಕಗಳನ್ನು ಹೊತ್ತು ಬಸ್ಸು ಹತ್ತುವುದು ನನ್ನ ಪಾಲು.

ಪುಸ್ತಕದ ಇಂಗ್ಲಿಷ್ ವಿವರಣೆಯನ್ನು ಅವರು ಮುಟ್ಟುತ್ತಲೇ ಇರಲಿಲ್ಲ. "ಮಾತಿನ್ಯಾಗ ಏನ್ ಬೇಕಾದ್ದು ಬರೀತಾರ್ರಿ. ಚಿತ್ರದ ಕೆಳಗ ಅಳತಿ ಕೊಟ್ಟಿರತಾರಲ್ಲ, ಅದೊಂದ ಖರೆ" ಎಂಬುದು ಅವರ ಸಿದ್ಧಾಂತ. ಆ ಅಳತೆ ಹಿಡಿದು ಪ್ರತಿ ಕಲಾಕೃತಿಯನ್ನೂ ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಬರೆಯುತ್ತಿದ್ದರು. ಬರೆಯುವಾಗ ದೋಷ ಕಂಡರೆ ತಿದ್ದುವುದು ಕಾರ್ಖಾನೆಯ ಅಭ್ಯಾಸ. ಜಪಾನಿನ ಚಹಾ ಬಟ್ಟಲಿನ ಅಂಚು ಸೊಟ್ಟಗಿತ್ತು, ಗುಂಡಗೆ ಮಾಡಿದರು. ಮುಖವಾಡದ ಒಂದು ಕಣ್ಣು ಕೆಳಗಿತ್ತು, ಸಮ ಮಾಡಿದರು. ಇಸ್ಲಾಮಿಕ್ ಕಟ್ಟಡವೊಂದರ ಕಲ್ಲುಕಿಟಕಿಯ ನಕ್ಷತ್ರಜಾಲಿಯಲ್ಲಿ ಮಾತ್ರ ವಾರಗಟ್ಟಲೆ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. "ಇಂವಾ ನಮ್ಮ ಸೆಕ್ಷನ್‌ದಾಂವ" ಎಂದು ಒಪ್ಪಿಕೊಂಡರು.

ಹೆಂಡತಿ ಗದಿಗೆಮ್ಮನವರ ಅಭಿಪ್ರಾಯ ಬೇರೆ. "ನಮ್ಮ ಬಚ್ಚಲ ಬಾಗಲಾ ಮುಚ್ಚಾಕ ಬರೂದಿಲ್ಲ. ಅದನ್ನ ಬಿಟ್ಟು ಜಪಾನದವರ ಬಟ್ಟಲಾ ರಿಪೇರಿ ಮಾಡಾಕತ್ತಾರ, ನೋಡ್ರಿ."

ಈ ಮನುಷ್ಯನಿಗೆ ಒಂದೇ ಒಂದು ಆಸೆಯಿತ್ತು. ಅದನ್ನು ಒಮ್ಮೆ ಬಸ್ಸಿನಲ್ಲಿ ಬಾಯಿಬಿಟ್ಟು ಹೇಳಿದ್ದರು. ಅವರ ನಕ್ಷೆಗಳನ್ನು ಮೀಟಿಂಗಿನಲ್ಲಿ ವಿವರಿಸುತ್ತಿದ್ದವರು ಸಾಹೇಬರು. ಇವರು ಗೋಡೆಗೆ ಒರಗಿ ನಿಂತಿರುತ್ತಿದ್ದರು. "ಒಬ್ಬರರ ನನ್ನ ಕಡೆ ತಿರುಗಿ, ಇದ್ಯಾಕ ಹಿಂಗೈತಿ ಅಮರಯ್ಯ ಅಂತ ಕೇಳಲಿಲ್ರಿ." ನನಗೆ ಪಾಪ ಅನಿಸಿತು, ಪುಸ್ತಕದ ಭಾರ ಒಂದು ನಿಮಿಷ ಮರೆತೇಹೋಯಿತು.

ಹೀಗಿರುವಾಗ ಬಡಾವಣೆಯ ಕನ್ನಡ ಬಳಗದವರು ತಿಂಗಳ ಉಪನ್ಯಾಸಕ್ಕೆ ಬೇರೆ ಯಾರೂ ಸಿಗದೆ ಇವರನ್ನು ಹಿಡಿದರು. ಅಮರಯ್ಯನವರು ಹಿಗ್ಗಿ ಹೀರೇಕಾಯಿಯಾದರು. ನಾನು ಆಫೀಸಿನಿಂದ ಓವರ್‌ಹೆಡ್ ಪ್ರೊಜೆಕ್ಟರ್ ಕೇಳಿ ತಂದೆ. ಅದರ ಗಾಜಿನ ಮೇಲೆ ಹಾಳೆ ಇಟ್ಟರೆ ಗೋಡೆಯ ಮೇಲೆ ಆಳೆತ್ತರದ ಚಿತ್ರ.

ಮುಖವಾಡ, ಬಟ್ಟಲು, ಜಾಲಿ ಅಳತೆ ಸಮೇತ ಬಂದುಹೋದವು. ಮೂವತ್ತು ಜನ ಸರದಿಯ ಮೇಲೆ ಆಕಳಿಸಿದರು. ಕೊನೆಗೆ ಅಮರಾವತಿಯ ಹಳೆಯ ಬೌದ್ಧ ಶಿಲ್ಪ: ಸುತ್ತ ಕೈಮುಗಿದ ಭಕ್ತರು, ನಡುವೆ ಪೀಠ, ಪೀಠದ ಮೇಲೆ ಬುದ್ಧ.

ಹಿಂದಿನ ಸಾಲಿನಲ್ಲಿ ನಿರೀಕ್ಷಾ ಎಂಬ ಹುಡುಗಿ ಎದ್ದಳು. ಉಡುಪಿಯವಳು, ವೆಬ್‌ಸೈಟುಗಳಿಗೆ ಚಿತ್ರ ಮಾಡುವ ಕೆಲಸ. "ಸರ್, ನಾನಿದನ್ನ ಮ್ಯೂಸಿಯಂನಲ್ಲಿ ನೋಡಿದ್ದೇನೆ. ಅಲ್ಲಿ ಪೀಠ ಖಾಲಿ ಉಂಟಲ್ಲ?"

"ಹೌದವ್ವ, ಬಿಟ್ಟುಹೋಗಿತ್ತು. ನಾ ತುಂಬೀನಿ."

"ಬಿಟ್ಟುಹೋದದ್ದಲ್ಲ ಸರ್. ಆಗಿನ ಶಿಲ್ಪಿಗಳು ಬುದ್ಧನನ್ನ ಕೆತ್ತದೆ ಬೇಕೂಂತಲೇ ಖಾಲಿ ಬಿಡ್ತಿದ್ರು."

ಸಭೆ ಗೊಳ್ಳೆಂದು ನಕ್ಕಿತು. ಬಳಗದ ಕಾರ್ಯದರ್ಶಿ ಪದ್ಮನಾಭ "ಅಮರಯ್ಯನವರು ಬುದ್ಧಗ ಸೀಟ್ ಅಲಾಟ್ ಮಾಡ್ಯಾರ್ರಿ" ಎಂದು ಇನ್ನೊಂದು ಸುತ್ತು ನಗಿಸಿದ. ನಾಚಿಕೆಗೇಡು, ನಾನೂ ನಕ್ಕೆ. ಅಮರಯ್ಯನವರ ಮುಖ ಬಿಳಿಚಿಕೊಂಡಿತು.

ಅವರು ಅಂಗಿಯ ಜೇಬಿನಿಂದ ಅರ್ಧ ಬ್ಲೇಡು ತೆಗೆದರು. ಟ್ರೇಸಿಂಗ್ ಹಾಳೆಯ ಇಂಕು ರಬ್ಬರಿಗೆ ಬಗ್ಗುವುದಿಲ್ಲ, ಬ್ಲೇಡಿನಿಂದ ಹೆರೆಯಬೇಕು. ಪ್ರೊಜೆಕ್ಟರಿನ ಮೇಲೆಯೇ ಬಗ್ಗಿ ಹೆರೆಯತೊಡಗಿದರು. ಗೋಡೆಯ ಮೇಲೆ ಅವರ ಬೆರಳು ತೊಲೆಯಷ್ಟು ದಪ್ಪ ಕಂಡಿತು. ಮೊದಲು ತಲೆ ಹೋಯಿತು, ಆಮೇಲೆ ಹೆಗಲು, ಕೈ, ಮಡಿಚಿದ ಕಾಲು. ಹತ್ತು ನಿಮಿಷ ಹಿಡಿಯಿತು. ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಹೆರೆದಲ್ಲಿ ಹಾಳೆ ತರಿತರಿಯಾಗಿ, ಕೂತವನ ಆಕಾರದ ಒಂದು ಮಬ್ಬು ಮಾತ್ರ ಪೀಠದ ಮೇಲೆ ಉಳಿಯಿತು. ಯಾರೋ ಈಗಷ್ಟೇ ಎದ್ದು ಹೋದಂತಿತ್ತು.

ಪದ್ಮನಾಭ ವಂದನಾರ್ಪಣೆಗೆಂದು ಎದ್ದ.

"ಕೂಡ್ರಪಾ ಸ್ವಲ್ಪ," ಮುಂದಿನ ಸಾಲಿನಲ್ಲಿದ್ದ ಗದಿಗೆಮ್ಮನವರು ಅವನನ್ನು ಕೂರಿಸಿ ಗಂಡನ ಕಡೆ ತಿರುಗಿದರು. "ಯಾರೂ ಇಲ್ಲದ ಜಾಗಾಕ್ಕ ಇವರೆಲ್ಲಾ ಕೈ ಮುಗದಾರಲ್ಲ, ಯಾಕ್ರಿ?"

ಅಮರಯ್ಯನವರ ಕಣ್ಣು ತುಂಬಿಕೊಂಡವು. "ಗೊತ್ತಿಲ್ಲ. ತಡಿ, ನೋಡೋಣು" ಎಂದು ಕುರ್ಚಿ ಎಳೆದುಕೊಂಡು ಹೆಂಡತಿಯ ಪಕ್ಕ ಕೂತು, ಗೋಡೆಯನ್ನೇ ನೋಡತೊಡಗಿದರು.