ನಿನ್ನ ಪಾಲಿನ ಬಂಗಡೆ

ನಿನ್ನ ಕಾರ್ಯಕ್ರಮವನ್ನು ಯಾರೂ ಕೇಳುವುದಿಲ್ಲ ಎಂದು ಅವತ್ತು ನಾನು ಹೇಳಿದ್ದು ಸುಳ್ಳು, ಉಲ್ಲಾಸ. ಕೇಳುತ್ತಿದ್ದರು. ದಿನಾ ಕೇಳುತ್ತಿದ್ದರು. ನಿನಗೆ ಆ ಮಾತು ಹೇಳುವ ಹಿಂದಿನ ದಿನವೇ ನನಗದು ಗೊತ್ತಾಗಿತ್ತು — ಕೇಳುವವರೇ ಬಂದು ನನ್ನ ಮೇಜಿನ ಎದುರು ನಿಂತು ಹೇಳಿ ಹೋಗಿದ್ದರು. ನಿನಗೆಂದು ಅವರು ಕೊಟ್ಟು ಹೋದ ಮೀನನ್ನು ನಾನು ಮನೆಗೆ ಒಯ್ದು ಸಾರು ಮಾಡಿದೆ.

ಇಷ್ಟನ್ನು ಮೊದಲೇ ಹೇಳಿಬಿಡಬೇಕಿತ್ತು, ಹೇಳಿದೆ. ಇಷ್ಟು ವರ್ಷ ಮೈಕಿನ ಮುಂದೆ ಕೂತವಳು ನಾನು. ಸುತ್ತಿ ಬಳಸಿ ಮಾತಾಡಿದರೆ ಜನ ರೇಡಿಯೋ ತಿರುಗಿಸಿಬಿಡುತ್ತಾರೆ ಎಂಬುದು ನನಗೆ ಗೊತ್ತು. ಎದುರು ನಿಂತು ಹೇಳುವ ಧೈರ್ಯ ಇಲ್ಲವೆಂದು ಬರೆಯುತ್ತಿಲ್ಲ — ಧೈರ್ಯಕ್ಕೇನೂ ನನಗೆ ಕೊರತೆಯಿಲ್ಲ, ಅದು ನಿನಗೂ ಗೊತ್ತು. ಆದರೆ ಎದುರಿಗೆ ಹೇಳಿದರೆ ಅರ್ಧದಲ್ಲೇ ನೀನು “ಹೋಗ್ಲಿ ಬಿಡಿ ಶೈಲಕ್ಕ” ಎಂದು ನಕ್ಕುಬಿಡುತ್ತೀಯ. ಹಾಗೆ ಬಿಟ್ಟುಬಿಡುವ ವಿಷಯ ಇದಲ್ಲ.

ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳುತ್ತೇನೆ, ಸಹಿಸಿಕೋ. ಇದನ್ನು ಬೇರೆಯವರೂ ಓದಲಿ ಎಂಬುದು ನನ್ನ ಆಸೆ.

ಕಾರವಾರದ ಗುಡ್ಡದ ಮೇಲೊಂದು ಆಂಟೆನಾ, ಅದರ ಬುಡದಲ್ಲಿ ಎರಡು ಕೋಣೆ — ಅಷ್ಟೇ ನಮ್ಮ ಬಾನುಲಿ ಕೇಂದ್ರ. ನಾನು ಅದರ ಉಸ್ತುವಾರಿ. ಹಬ್ಬುವಾಡದ ಮನೆಯಿಂದ ಸ್ಕೂಟರಿನಲ್ಲಿ ಬಂದು ಬಾಗಿಲು ತೆಗೆಯುವುದರಿಂದ ಹಿಡಿದು ಕಮಿಟಿಯವರಿಗೆ ಚಾ ತರಿಸುವವರೆಗೆ ಎಲ್ಲ ನಾನೇ. ಮಧ್ಯಾಹ್ನ ಮೂರಕ್ಕೆ ನನ್ನ ‘ಒಲೆಯ ಬದಿ’. ಅಡುಗೆ, ಮನೆಮದ್ದು, ಸೊಸೆ-ಅತ್ತೆ ಮಾತು. ಸಂಜೆ ಏಳರಿಂದ ಎಂಟು ನಿನ್ನದು. ಕಿನ್ನರ ಊರಿನ ಗದ್ದೆ ಮನೆಯ ಹುಡುಗ ನೀನು, ಬೆನ್ನಿಗೆ ಗಿಟಾರು ಹಾಕಿಕೊಂಡು ಬಸ್ಸಿಳಿದು ಬರುತ್ತಿದ್ದೆ. ಸಿನಿಮಾ ಹಾಡಲ್ಲ, ಭಜನೆಯಲ್ಲ, ಭಾವಗೀತೆಯಲ್ಲ — ರಾಕ್. ಅದರಲ್ಲೂ ಆಲ್ಟರ್ನೇಟಿವ್ ರಾಕ್. “ಎಂತದಕ್ಕೆ ಆಲ್ಟರ್ನೇಟಿವ್ ಮಾರಾಯಾ?” ಎಂದು ಕಮಿಟಿಯ ಅಧ್ಯಕ್ಷರು ಕೇಳಿದಾಗ “ನೀವು ಕೇಳೂ ಎಲ್ಲಾದಕ್ಕೂ” ಎಂದುಬಿಟ್ಟೆ. ಅವರು ನಕ್ಕರು, ಆದರೆ ಮರೆಯಲಿಲ್ಲ.

ಫೋನು ಬರುತ್ತಿರಲಿಲ್ಲ. ನಿನ್ನ ತೊಂದರೆ ಅದೊಂದೇ. ನಮ್ಮಲ್ಲಿ ಕೇಳುಗರನ್ನು ಅಳೆಯುವ ಮಾಪಕ ಅದೊಂದೇ ಆಗಿತ್ತು — ಕಾರ್ಯಕ್ರಮ ನಡೆಯುವಾಗ ಎಷ್ಟು ಜನ ಫೋನು ಮಾಡಿದರು. ನನ್ನ ಮೂರು ಗಂಟೆಗೆ ಅದು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ನಿನ್ನ ಏಳು ಗಂಟೆಗೆ ತೆಪ್ಪಗೆ ಬಿದ್ದಿರುತ್ತಿತ್ತು. ಹಾಡು ಹಚ್ಚಿಟ್ಟು ನೀನು ರಿಸೀವರ್ ಎತ್ತಿ, ಲೈನು ಸರಿ ಇದೆಯೋ ಇಲ್ಲವೋ ಎಂದು ಕಿವಿಗಿಟ್ಟುಕೊಂಡು ನೋಡುವುದನ್ನು ನಾನು ಗಾಜಿನಾಚೆಯಿಂದ ಎಷ್ಟೋ ಸಲ ನೋಡಿದ್ದೇನೆ.

ನೀನು ಸುಮ್ಮನೆ ಕೂರುವವನಲ್ಲ. ಕಾಲೇಜುಗಳಿಗೆ ಹೋದೆ. ಇಂಗ್ಲಿಷ್ ಹಾಡುಗಳ ಅರ್ಥವನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ಹೇಳಿದೆ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ರೇಡಿಯೋಗೆ ಸ್ಪೀಕರು ಕಟ್ಟಿಕೊಂಡು ನಿಂತೆ. ಮೀನಿನ ಬುಟ್ಟಿ ಇಳಿಸಿದ ಅಜ್ಜಿಯೊಬ್ಬಳು ಬಂದು “ತಮಾ, ಇದು ಹಾಳಾಗಿದೆ ಕಾಣ್ತದೆ, ಬಂದ್ ಮಾಡು” ಎಂದಳು. ಅದನ್ನು ನೀನೇ ಬಂದು ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದೆ. ಸುಂಕಸಾಳದವರೆಗೂ ಹೋದೆ. ಹೈವೇ ಬದಿಯ ಹೋಟೆಲಿನಲ್ಲಿ ಕೂತು, ಲಾರಿ ಡ್ರೈವರುಗಳಿಗೆ ಚಾ ಕೊಡಿಸಿ, ಏಳು ಗಂಟೆಗೆ ರೇಡಿಯೋ ಹಚ್ಚಿದರೆ ಬರೀ ಗರಗರ. ಗುಡ್ಡ ದಾಟಿ ನಮ್ಮ ಸ್ಟೇಷನ್ ಅಲ್ಲಿಗೆ ಮುಟ್ಟುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ, ನೀನು ಕೇಳಲಿಲ್ಲ.

ಈಗ ನೋಡಿದರೆ ನಮ್ಮಿಬ್ಬರ ಬುದ್ಧಿಗೂ ನಗು ಬರುತ್ತದೆ. ಕೇಳುಗರನ್ನು ಹುಡುಕಿಕೊಂಡು ನಾವು ಕಾಲೇಜು, ಬಸ್‌ಸ್ಟ್ಯಾಂಡು, ಘಟ್ಟದ ದಾರಿ ಎಲ್ಲ ತಿರುಗಿದೆವು. ಸಮುದ್ರಕ್ಕೆ ಬೆನ್ನು ಹಾಕಿಯೇ ತಿರುಗಿದೆವು. ಕಿಟಕಿ ತೆಗೆದರೆ ಕಾಣುವ ಸಮುದ್ರ! ಅಲ್ಲಿ ನಮ್ಮ ಆಂಟೆನಾಕ್ಕೆ ಅಡ್ಡ ಬರಲು ಗುಡ್ಡ ಎಲ್ಲಿದೆ?

ಮಳೆಗಾಲಕ್ಕೆ ಮುಂಚೆ ಕಮಿಟಿಯವರು ನನ್ನನ್ನು ಕರೆದರು. ಏಳು ಗಂಟೆಗೆ ಫೋನು ಬರುವ ಕಾರ್ಯಕ್ರಮ ಬೇಕು, ಇಲ್ಲದಿದ್ದರೆ ಆ ಹೊತ್ತು ಬೇರೆಯವರಿಗೆ. ಯಾರಿಗೆ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಿರ್ಧಾರವನ್ನು ನನಗೇ ಬಿಟ್ಟರು — ಉಲ್ಲಾಸನ ಪರವಾಗಿ ಹೇಳುವುದೇನಾದರೂ ಇದ್ದರೆ ಹೇಳಿ ಎಂದರು.

ಅದೇ ವಾರ ಪುರಸು ತಾಂಡೇಲ ಬಂದ. ಈ ಹೆಸರು ನೀನು ಕೇಳಿಲ್ಲ. ಬೈತಖೋಲ ಬಂದರಿನ ಟ್ರಾಲರ್ ಬೋಟೊಂದರ ತಾಂಡೇಲ, ಬೋಟು ನಡೆಸುವವನು. ಮಧ್ಯಾಹ್ನದ ಹೊತ್ತು, ನೀನು ಇನ್ನೂ ಬಂದಿರಲಿಲ್ಲ. ಕೈಯಲ್ಲಿ ನೀರು ತೊಟ್ಟಿಕ್ಕುವ ಪ್ಲಾಸ್ಟಿಕ್ ಚೀಲ. ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತ.

“ಬಾಯಿ, ಸಂಜೆ ಧಡಾಧಡ್ ಹಾಡು ಹಾಕೂ ಹುಡ್ಗ ಇಲ್ವಾ?”

ಇಲ್ಲ, ಏನು ವಿಷಯ ಎಂದೆ. ದೂರು ಹೇಳಲು ಬಂದಿದ್ದಾನೆ ಎಂದೇ ನನ್ನ ಎಣಿಕೆ.

“ನಾವು ದಿನಾ ಕೇಳೂದು. ಅದು ಬಲೆ ಎಳಿಯೂ ಟೈಮು. ಎಂಜಿನ್ ಸದ್ದಿನ ಮೇಲೆ ಬೇರೆ ಹಾಡು ಎಂತದೂ ಕೇಳೂದಿಲ್ಲ, ಇದು ಮಾತ್ರ ಕೇಳ್ತದೆ. ಬೋಟಿನ ಖಲಾಸಿಗಳು ಆ ಡ್ರಮ್ಮಿಗೇ ಬಲೆ ಎಳೀತ್ರು ಈಗ. ಹಾಡಿನ ಭಾಷೆ ನಮ್ಗೆ ತಿಳೂದಿಲ್ಲ, ಅಂವ ನಡು ನಡು ಹೇಳ್ತಾನಲ್ಲ, ಅದು ತಿಳೀತದೆ. ಬಾಜೂ ಬೋಟಿನವ್ರೂ ಹಚ್ತ್ರು.”

ಮತ್ತೆ ಒಂದು ಫೋನಾದರೂ ಮಾಡಬಾರದೇ ಎಂದೆ. ಅವನು ನನ್ನನ್ನು ಒಂಥರಾ ನೋಡಿದ.

“ಅಲ್ಲಿ ಫೋನ್ ಎಲ್ಲಿ ಹತ್ತತದೆ ಬಾಯಿ? ದಡ ಬಿಟ್ರೆ ಮುಗೀತು. ದಡಕ್ಕೆ ಬಂದ್ಮೇಲೆ ಹಾಡು ಕೇಳೂಕೆ ಪುರಸೊತ್ತೆಲ್ಲಿ?”

ಚೀಲವನ್ನು ನನ್ನ ಮೇಜಿನ ಮೇಲಿಟ್ಟ. ಬಂಗಡೆ. ಅವತ್ತೇ ಹಿಡಿದದ್ದು, ಕಣ್ಣು ಹೊಳೆಯುತ್ತಿತ್ತು. ಪಾಪ, ಯಾಕೆ ಇದೆಲ್ಲ ಎಂದು ನಾನು ಉಪಚಾರದ ಮಾತಾಡಿದೆ. ಬೋಟು ದಡ ಸೇರಿದಾಗ ದುಡಿದವರೆಲ್ಲ ಮನೆಯ ಅಡುಗೆಗೆಂದು ಒಂದೊಂದು ಪಾಲು ಮೀನು ಒಯ್ಯುತ್ತಾರಲ್ಲ, ಆ ಪದ್ಧತಿ ನಿನಗೂ ಗೊತ್ತು. ಪುರಸು ಹೇಳಿದ: “ಇದು ಪುಕ್ಕಟೆ ಕೊಡೂದಲ್ಲ. ಪಾಲು. ಅಂವ್ನೂ ನಮ್ಮ ಸಂಗ್ತಿ ಬಲೆ ಎಳೀತ ಅಲ್ವಾ? ಖಲಾಸಿಗಳೇ ಹೇಳಿದ್ರು, ಅಂವಂಗೂ ಒಂದು ಪಾಲು ತೆಗೀಬೇಕು ಹೇಳಿ. ಒಂದು ಸಲ ರೇಡಿಯೋದಲ್ಲಿ ನಮ್ಮ ಬೋಟಿನ ಹೆಸ್ರು ಹೇಳ್ಲಿ. ಮತ್ತೆಂತದೂ ಬೇಡ.”

ಬೋಟಿನ ಹೆಸರು ಹೇಳಿ ಹೋದ. ನಾನು ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ, ಪ್ರತಿ ಸಲವೂ ಅದೇ ಉತ್ತರ. ಏಳು ಗಂಟೆ ನನಗೆ ಬೇಕಿತ್ತು. ಗಂಡಸರೂ ಮನೆಗೆ ಬಂದಿರುವ ಹೊತ್ತು, ಇಡೀ ಊರು ಕೇಳುವ ಹೊತ್ತು. ಇನ್ನೊಂದು ಕಾರಣ ಹೊಟ್ಟೆಕಿಚ್ಚು. ನನಗೆ ಬರುವ ಫೋನುಗಳೆಲ್ಲ ಉಪ್ಪಿನಕಾಯಿಗೆ ಬೂಸ್ಟು ಬಂದಿದೆ, ಏನು ಮಾಡಲಿ ಎನ್ನುವವು. ನನ್ನ ಕಾರ್ಯಕ್ರಮ ಕೇಳಿ ಯಾರೂ ತಮ್ಮ ದುಡಿಮೆಯಲ್ಲಿ ನನಗೊಂದು ಪಾಲು ತೆಗೆದಿಟ್ಟಿರಲಿಲ್ಲ. ಆ ಚೀಲ ನನ್ನ ಮೇಜಿನ ಮೇಲಿತ್ತು, ಆದರೆ ನನ್ನದಲ್ಲ. ಅದನ್ನು ನನ್ನಿಂದ ತಡೆಯಲಾಗಲಿಲ್ಲ, ಉಲ್ಲಾಸ.

ಮನೆಗೆ ಒಯ್ದೆ. ಹುಳಿ ಮುಂದಾಗಿ ಸಾರು ಮಾಡಿದೆ. ಬಂಗಡೆ ಸಾರು ಮರುದಿನಕ್ಕೇ ರುಚಿ. ಮರುದಿನ ಡಬ್ಬಿಯಲ್ಲಿ ತಂದು ನಿನ್ನ ಮುಂದಿಟ್ಟೆ. “ಪೇಟೇಲಿ ಚಲೋ ಬಂಗಡೆ ಸಿಕ್ತು” ಎಂದೆ. ನೀನು ಬೆರಳು ಚೀಪಿಕೊಂಡು ತಿಂದೆ — “ಶೈಲಕ್ಕ, ಇಂಥಾದ್ದು ಈ ವರ್ಷ ತಿಂದೇ ಇಲ್ಲ” ಎಂದೆ. ಕೈ ತೊಳೆದು ಬಂದು ಕೂತ ಮೇಲೆ ನಾನು ಹೇಳಿದೆ: “ಉಲ್ಲಾಸ, ನಿನ್ನ ಕಾರ್ಯಕ್ರಮ ಯಾರೂ ಕೇಳೂದಿಲ್ಲ. ಒಬ್ರೂ ಇಲ್ಲ. ಕಮಿಟಿಗೆ ನಾನು ಎಂತ ಹೇಳ್ಲಿ?”

ನಾನು ಮೆತ್ತಗೆ, ಅಕ್ಕರೆಯಿಂದಲೇ ಹೇಳಿದೆ. ಮೈಕಿನಲ್ಲಿ ಪಳಗಿದ ದನಿ ನನ್ನದು, ಯಾವ ಮಾತನ್ನು ಹೇಗೆ ಹೇಳಿದರೆ ನಂಬುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನೀನು ಫೋನಿನ ಕಡೆ ನೋಡಿದೆ. “ನಿಮ್ಗೇ ಗೊತ್ತಿರ್ತದೆ” ಎಂದೆ. ಅವತ್ತಿನ ಒಂದು ಗಂಟೆ ಎಂದಿನ ಹಾಗೇ ನಡೆಸಿಕೊಟ್ಟೆ, ಬೀಳ್ಕೊಡುಗೆಯ ಮಾತು ಒಂದೂ ಆಡಲಿಲ್ಲ. ಗಿಟಾರು ಹಾಕಿಕೊಂಡು ಬಸ್ಸಿಗೆ ಹೋದೆ. ಮರುದಿನದಿಂದ ಬರಲಿಲ್ಲ.

ಏಳು ಗಂಟೆಗೆ ‘ಒಲೆಯ ಬದಿ’ ಚೆನ್ನಾಗಿ ಓಡಿತು. ಅದನ್ನು ಮುಚ್ಚಿಡುವುದಿಲ್ಲ. ನಾನು ನನ್ನ ಕೆಲಸದಲ್ಲಿ ಚುರುಕು, ಇವತ್ತಿಗೂ. ಈ ವಿಷಯವನ್ನು ಹಾಗೇ ನುಂಗಿಕೊಂಡು ನಿವೃತ್ತಿಯಾಗುತ್ತಿದ್ದೆನೋ ಏನೋ — ಇಷ್ಟು ವರ್ಷಗಳ ಮೇಲೆ ಮೊನ್ನೆ ಅಂಕೋಲೆಯಲ್ಲಿ ನೀನು ಸಿಗದೇ ಇದ್ದಿದ್ದರೆ.

ನೀನು ಕೆಲಸ ಮಾಡುವ ಟೈಲ್ಸ್ ಅಂಗಡಿಗೆ ನಾನು ಬಂದದ್ದು ಬಚ್ಚಲಿನ ನೆಲಕ್ಕೆ ಟೈಲ್ಸ್ ನೋಡಲು. ನೀನು ಖುರ್ಚಿ ಹಾಕಿದೆ, ಸೋಡಾ ತರಿಸಿದೆ, ಮಗಳನ್ನು ಕರೆದು ಪರಿಚಯ ಮಾಡಿಸಿದೆ. ಹುಡುಗಿ ನನ್ನ ಹತ್ತಿರ ಗುಟ್ಟಿನಲ್ಲಿ ಹೇಳುವಂತೆ ದೂರು ಹೇಳಿತು — ಗಿಟಾರು ಕಲಿಯಬೇಕಂತೆ, ಅಪ್ಪ ಬಿಡುವುದಿಲ್ಲವಂತೆ, ಅಟ್ಟದ ಮೇಲೆ ಇರುವುದನ್ನು ಇಳಿಸಿಯೂ ಕೊಡುವುದಿಲ್ಲವಂತೆ. ನೀನು ನಕ್ಕು ಹೇಳಿದೆ: “ಯಾರೂ ಕೇಳದ ಕೆಲ್ಸ ಮಗಾ ಅದು. ಬೇಕಾದ್ರೆ ಇವ್ರನ್ನೇ ಕೇಳು. ಶೈಲಕ್ಕ ಅವತ್ತು ಬಾಯಿಬಿಟ್ಟು ಹೇಳಿದ್ದಕ್ಕೆ ನಾನು ಬಚಾವಾದೆ, ಇಲ್ದಿದ್ರೆ ಇವತ್ತಿಗೂ ಗೋಡೆಗೆ ಹಾಡು ಹಾಕ್ತಾ ಕೂತಿರ್ತಿದ್ದೆ.”

ನನ್ನ ಉಪಕಾರ ಸ್ಮರಿಸಿದೆ ನೀನು. ಮಗಳ ಎದುರು. ಹುಡುಗಿ ನನ್ನ ಮುಖ ನೋಡುತ್ತಿದ್ದಳು, ನಾನು ಏನಾದರೂ ಹೇಳುತ್ತೇನೆಂದು. ನಾನು ಸೋಡಾ ಕುಡಿದೆ. ಬಣ್ಣ ಯಾವುದು ಎಂದು ಕೂಡ ನೋಡದೆ ಟೈಲ್ಸ್ ಆರಿಸಿ ಬಂದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಅಸಹ್ಯ ಬಂತು.

ಮರುದಿನ ಬೈತಖೋಲಕ್ಕೆ ಹೋದೆ. ಪುರಸು ಈಗ ಬೋಟಿಗೆ ಹೋಗುವುದಿಲ್ಲ, ಮೊಣಕಾಲು ನೋವು, ಮಗ ತಾಂಡೇಲ. ನಾನು ಯಾರೆಂದು ಹೇಳಬೇಕಾಗಲಿಲ್ಲ, ದನಿಯಿಂದಲೇ ಹಿಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಬಲೆ ಹೊಲಿಯುವ ಕೈ ನಿಲ್ಲಿಸಿ ಕೇಳಿದ.

“ನಾವು ಆ ಹುಡ್ಗಂಗೆ ಸೊಕ್ಕು ಹೇಳಿ ತಿಳ್ಕಂಡಿದ್ವಿ ಬಾಯಿ. ಪಾಲು ತಕಂಡ, ಹೆಸ್ರು ಹೇಳ್ಲಿಲ್ಲ. ಎರಡು ಸಂಜೆ ಕಾದ್ವಿ. ಮೂರನೇ ದಿನ ಏಳು ಗಂಟೆಗೆ ಹಚ್ಚಿದ್ರೆ ನೀವು! ಉಪ್ಪಿನ್‌ಕಾಯಿಗೆ ಉಪ್ಪು ಎಷ್ಟು ಹಾಕೂದು ಹೇಳ್ತಾ ಇದ್ರಿ. ಖಲಾಸಿಗಳು ರೇಡಿಯೋ ಬಂದ್ ಮಾಡಿದ್ರು, ಮತ್ತೆ ಹಚ್ಲಿಲ್ಲ.”

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಒಂದೇ ಮಾತು ಕೇಳಿದ: “ಆ ಮೀನು — ಅಂವ ತಿಂದ್ನಾ, ಇಲ್ವಾ?”

ತಿಂದ ಎಂದೆ. ಚಲೋ ಇತ್ತು ಎಂದ, ಎಂದೆ. ಅವನು ತಲೆಯಾಡಿಸಿ ಮತ್ತೆ ಬಲೆ ಎತ್ತಿಕೊಂಡ.

ಕಮಿಟಿಗೆ ಎಲ್ಲ ಹೇಳಿದ್ದೇನೆ. ಏಳು ಗಂಟೆಯನ್ನು ಬಿಟ್ಟುಕೊಟ್ಟಿದ್ದೇನೆ. ನಾಳಿದ್ದು ಸೋಮವಾರದಿಂದ ಅದು ನನ್ನದಲ್ಲ. ನೀನು ಬರಬೇಕೆಂದು ಒತ್ತಾಯವಿಲ್ಲ. ಬಾರದಿದ್ದರೆ ನೀನು ಬಿಟ್ಟು ಹೋದ ಹಾಡುಗಳು ನಮ್ಮಲ್ಲಿವೆ, ಅವೇ ಹೋಗುತ್ತವೆ — ಬೋಟಿನವರಿಗೆ ತಿಳಿಸಿ ಬಂದಿದ್ದೇನೆ. ಬಂದರೆ ಮಗಳನ್ನೂ ಕರೆದುಕೊಂಡು ಬಾ. ಯಾರೂ ಕೇಳದ ಕೆಲಸ ಎಂದು ನೀನು ಅವಳಿಗೆ ಹೇಳಿದ್ದು ನನ್ನ ಸುಳ್ಳು, ನಿನ್ನದಲ್ಲ. ಅದು ಅವಳ ತಲೆಯಲ್ಲಿ ಕೂರಬಾರದು. ಗಿಟಾರು ಅಟ್ಟದಿಂದ ಇಳಿಯಲಿ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನಿಂದ ಇನ್ನೊಂದು ಪಾಲು ತೆಗೆದುಕೊಳ್ಳಲು ನನಗೆ ಇಷ್ಟವಿಲ್ಲ.

ಬೋಟಿನ ಹೆಸರು ಜಲರಾಣಿ. ಒಂದು ಸಲ ಹೇಳಬೇಕಂತೆ.